ನೀರಿನ ಕೋಣೆಯ ಪೂರ್ವಕ್ಕೆ

ಸ್ಟ್ಯಾನ್ಲಿ ಸಾರ್ ಮನೆಯ ಟಿ.ವಿ.ಯಲ್ಲಿ ಚಿತ್ರ ಬರುತ್ತಿರಲಿಲ್ಲ, ಅಕ್ಷರ ಬರುತ್ತಿತ್ತು. ನೋಡಲಿಕ್ಕೆಂದು ಗಣಿ ಕೆಲಸದವರ ಲೈನು ಮನೆಗಳಿಂದ ಹೋದವರು ಎರಡು ನಿಮಿಷ ನಿಂತು, ಹಾಡಿಲ್ಲ ಕುಣಿತವಿಲ್ಲ ಇದೆಂಥಾ ಟಿ.ವಿ. ಎಂದು ವಾಪಸು ಬರುತ್ತಿದ್ದರು. ನಾನು ಮಾತ್ರ ಕೂತೆ. ಕೂತಿದ್ದು ಏಳು ತಿಂಗಳು, ಭಾನುವಾರ ಭಾನುವಾರ.

ಆಗ ನಾನು ದೊಡ್ಡಕಲ್ಲೂರು ಚಿನ್ನದ ಗಣಿಯಲ್ಲಿ ಮರದ ಕೆಲಸದವನು. ಮರದ ಕೆಲಸವೆಂದರೆ ಬಾಗಿಲು ಕಿಟಕಿ ಅಲ್ಲ. ನೆಲದ ಕೆಳಗೆ ಬಂಡೆ ಕುಸಿಯದ ಹಾಗೆ ದಿಮ್ಮಿ ಕೊಟ್ಟು ನಿಲ್ಲಿಸುವುದು, ಕೆಲಸ ಮುಗಿದ ದಾರಿಗಳನ್ನು ಹಲಗೆ ಹೊಡೆದು ಮುಚ್ಚುವುದು. ಓದು ಮೂರನೇ ಕ್ಲಾಸಿಗೆ ನಿಂತಿತ್ತು. ಆದರೆ ಒಂದು ಸಲ ನಡೆದ ದಾರಿ ನನ್ನ ಕಾಲಿಗೆ ಮರೆಯುತ್ತಿರಲಿಲ್ಲ. ಎಲ್ಲಿ ನೀರು ತೊಟ್ಟಿಕ್ಕುತ್ತದೆ, ಎಲ್ಲಿ ಗಾಳಿ ಕೆನ್ನೆಗೆ ಬಡಿಯುತ್ತದೆ, ಎಲ್ಲಿ ತಲೆ ಬಗ್ಗಿಸಬೇಕು, ಎಲ್ಲ ಇವತ್ತಿಗೂ ಇದೆ.

ಸ್ಟ್ಯಾನ್ಲಿ ಸಾರ್ ಗಣಿಯ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವರು. ಆಸ್ಟ್ರೇಲಿಯಾದಲ್ಲಿದ್ದ ಅವರ ತಮ್ಮ ಒಂದು ಸಣ್ಣ ಕಂಪ್ಯೂಟರ್ ಕಳಿಸಿದ್ದ. ನೋಡಲಿಕ್ಕೆ ಗುಂಡಿಗಳಿದ್ದ ಊಟದ ಡಬ್ಬಿ. ಅದಕ್ಕೆ ಟಿ.ವಿ.ಯಿಂದ ಒಂದು ವೈರು, ಟೇಪ್ ರೆಕಾರ್ಡರಿನಿಂದ ಒಂದು ವೈರು. ಕ್ಯಾಸೆಟ್ ಹಾಕಿದರೆ ಹಾಡಿನ ಬದಲು ಜೀರುಂಡೆ ಕೂಗಿದ ಹಾಗೆ ಸದ್ದು ಬರುತ್ತಿತ್ತು. ಆ ಸದ್ದನ್ನೆಲ್ಲ ಕುಡಿದ ಮೇಲೆ ಕಂಪ್ಯೂಟರ್ ಮಾತಾಡುತ್ತಿತ್ತು. ಬಾಯಲ್ಲಲ್ಲ, ಅಕ್ಷರದಲ್ಲಿ. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ನನಗೆ ಓದಲಿಕ್ಕೆ ಬಾರದು, ಸಾರ್ ಓದಿ ಹೇಳುತ್ತಿದ್ದರು.

"ನೀನು ದೀಪದ ಮನೆಯಲ್ಲಿದ್ದೀಯ. ಗೋಡೆಯಲ್ಲಿ ದೀಪಗಳಿವೆ. ಉತ್ತರಕ್ಕೆ ಕೇಜು ಇದೆ. ಏನು ಮಾಡುತ್ತೀಯ?"

ಕೇಜು ಎಂದರೆ ನಮ್ಮನ್ನು ಕೆಳಕ್ಕಿಳಿಸುವ ಕಬ್ಬಿಣದ ಪಂಜರ. ದೀಪ ತೆಗೆದುಕೊಳ್ಳದೆ ಕೇಜು ಹತ್ತಿದರೆ ಕತ್ತಲಲ್ಲಿ ಬಿದ್ದು ಸಾಯುತ್ತೀಯ. ತೆಗೆದುಕೊಂಡರೆ ಮುಂದಿನ ಜಾಗ. ಹೀಗೇ ಗುಂಡಿ ಒತ್ತಿ ಒಂದೊಂದು ಮಾತು ಹೊಡೆಯುತ್ತ ಗಣಿಯೆಲ್ಲ ಸುತ್ತಿ ಕೊನೆಗೆ ಚಿನ್ನದ ಗಟ್ಟಿ ಹುಡುಕಬೇಕು. ಅಷ್ಟು ವರ್ಷ ಇಳಿದಿದ್ದರೂ ನಾನು ಒಂದು ಗಟ್ಟಿಯನ್ನೂ ಕಣ್ಣಲ್ಲಿ ಕಂಡವನಲ್ಲ. "ಅದಕ್ಕೇ ಇದನ್ನ ಆಟ ಅನ್ನೋದು ಮುನಿಯಲ್ಲಪ್ಪ" ಎಂದು ಸಾರ್ ನಗುತ್ತಿದ್ದರು.

ಅವರಿಗೆ ನಿಜವಾದ ಗಣಿಯನ್ನೇ ಆಟದಲ್ಲಿ ಇಡುವ ಹುಚ್ಚು. ಆಫೀಸಿನ ನಕ್ಷೆಯಲ್ಲಿ ಗೆರೆ ಇತ್ತು, ಗಾಳಿ ಇರಲಿಲ್ಲ. ಹಳೆಯ ದಾರಿಗಳಂತೂ ಗೆರೆಯಲ್ಲೂ ಇರಲಿಲ್ಲ. ಅದಕ್ಕೇ ನನ್ನನ್ನು ಕೂರಿಸಿಕೊಂಡರು. ನಾನು ಕಣ್ಣು ಮುಚ್ಚಿ ನಡೆಯುತ್ತಿದ್ದೆ, ಅವರು ಗುಂಡಿ ಒತ್ತುತ್ತಿದ್ದರು. ಕಂಪ್ಯೂಟರಿನ ಹೊಟ್ಟೆ ಸಣ್ಣದು, ಇಪ್ಪತ್ತೆರಡು ಮಾತಿಗೆ ಮಾತ್ರ ಜಾಗವಿತ್ತು. "ಕೆಳಗೆ ಏನೇನು ಕೆಲಸ ಮಾಡ್ತೀರಿ ಹೇಳು" ಎಂದರು. ಹತ್ತು, ಇಳಿ, ನೋಡು, ತಗೋ, ಬಡಿ, ಮುಚ್ಚು, ಹೀಗೆ ನಾನು ಹೇಳಿದ್ದನ್ನೇ ಇಟ್ಟರು. ಬೇರೆ ಏನು ಹೊಡೆದರೂ, "ಆ ಮಾತು ನನಗೆ ಗೊತ್ತಿಲ್ಲ" ಎನ್ನುತ್ತಿತ್ತು.

ನನ್ನ ಹೆಂಡತಿ ಅಲುಮೇಲಮ್ಮ ಒಮ್ಮೆ ನನ್ನನ್ನು ಊಟಕ್ಕೆ ಕರೆಯಲು ಬಂದವಳು ಬಾಗಿಲಲ್ಲೇ ನಿಂತು, "ಮುದ್ದೆ ಉಣ್ಣು ಅಂತ ಹೊಡೀರಿ ಸಾರ್" ಎಂದಳು. ಸಾರ್ ಹೊಡೆದರು. ಗೊತ್ತಿಲ್ಲ ಎಂದಿತು.

"ಸರಿ ಬಿಡಿ, ನಮ್ಮನೇದೂ ಇದೂ ಒಂದೇ ಜಾತಿ" ಎಂದಳು. "ಭಾನುವಾರ ಆದ್ರೆ ಎರಡಕ್ಕೂ ಊಟ ಗೊತ್ತಿಲ್ಲ."

ಹೀಗೆ ಹೇಳುತ್ತ ಹೇಳುತ್ತ ಒಂದು ದಿನ ನೀರಿನ ಕೋಣೆಗೆ ಬಂದೆವು. ಅದು ಮೂರನೇ ಮಟ್ಟದಲ್ಲಿ, ಪಂಪು ಇಟ್ಟಿದ್ದ ದೊಡ್ಡ ಗುಹೆ. ಪಶ್ಚಿಮಕ್ಕೆ ನಾವು ಬಂದ ದಾರಿ. ಉತ್ತರಕ್ಕೆ ಏಣಿ.

"ಪೂರ್ವಕ್ಕೆ?" ಎಂದರು ಸಾರ್.

"ಗೋಡೆ" ಎಂದೆ.

ನಮ್ಮಲ್ಲಿ ಒಂದು ಪದ್ಧತಿಯಿತ್ತು. ಮನುಷ್ಯ ಸತ್ತು, ಹೆಣ ತೆಗೆಯಲಾಗದೆ ಮುಚ್ಚಿಬಿಟ್ಟ ದಾರಿಯ ಹೆಸರನ್ನು ಮತ್ತೆ ಎತ್ತುತ್ತಿರಲಿಲ್ಲ. ಹಲಗೆ ಹೊಡೆದು, ಮೇಲೆ ಕಲ್ಲು ಜೋಡಿಸಿ, ಬಂಡೆಯ ಬಣ್ಣದ ಮಣ್ಣು ಮೆತ್ತಿ, ಬೇವಿನ ಸೊಪ್ಪು ಸಿಕ್ಕಿಸಿ ಬರಬೇಕು. ಹೊಸಬರು ಆ ಕಡೆ ಏನಿದೆ ಎಂದು ಕೇಳಿದರೆ ಗೋಡೆ ಎನ್ನಬೇಕು. ಹೆಸರು ಹೇಳಿದರೆ ಸತ್ತವನು ದಾರಿ ಕೇಳುತ್ತ ಬರುತ್ತಾನೆಂದು ಹಿರಿಯರು ಹೇಳಿದ್ದರು. ಸಾರ್‌ಗೂ ಈ ಪದ್ಧತಿ ಗೊತ್ತಿದ್ದಿರಬಹುದು. ನನ್ನ ಮುಖವನ್ನೊಮ್ಮೆ ನೋಡಿ, ಏನೂ ಕೇಳದೆ, ಗೋಡೆ ಎಂದು ಬರೆದುಕೊಂಡರು.

ಆ ಗೋಡೆಯ ಹಿಂದೆ ಇದ್ದವನು ಚಲಪತಿ. ಅಲುಮೇಲಮ್ಮನ ತಮ್ಮ.

ಗಣಿ ಮುಚ್ಚಿತು. ಸಾರ್ ತೀರಿಕೊಂಡರು. ನಾವು ಲೈನು ಮನೆಯಲ್ಲೇ ಉಳಿದೆವು. ನನಗೆ ಎಂಬತ್ತನಾಲ್ಕು ತುಂಬುವ ಹೊತ್ತಿಗೆ ಗಾಳಿ ಭಂಡಾರದವರು ಬಂದರು.

ಅವರ ಕೆಲಸ ನನಗೆ ಅರ್ಥವಾದಷ್ಟು ಹೇಳುತ್ತೇನೆ. ಬಿಸಿಲಿನಿಂದ ವಿದ್ಯುತ್ ಹಗಲಲ್ಲಿ ಬೇಕಾದಷ್ಟು ಹುಟ್ಟುತ್ತದೆ, ಸಂಜೆ ಜನಕ್ಕೆ ದೀಪ ಬೇಕಾದಾಗ ಇರುವುದಿಲ್ಲ. ಹಗಲಲ್ಲಿ ಉಳಿದ ವಿದ್ಯುತ್ತಿನಿಂದ ದೊಡ್ಡ ಪಂಪು ಓಡಿಸಿ ಹಳೆಯ ಗಣಿಯೊಳಗೆ ಗಾಳಿ ಒತ್ತುವುದು, ಸೈಕಲ್ ಟ್ಯೂಬಿಗೆ ಒತ್ತಿದ ಹಾಗೆ. ಸಂಜೆ ಆ ಗಾಳಿಯನ್ನು ಬಿಟ್ಟರೆ ಅದು ನುಗ್ಗಿ ಬಂದು ಚಕ್ರ ತಿರುಗಿಸುತ್ತದೆ, ಊರಿಗೆ ದೀಪ ಹತ್ತುತ್ತದೆ. ಆದರೆ ಟ್ಯೂಬಿನಲ್ಲಿ ಒಂದೂ ತೂತು ಇರಬಾರದು. ತೂತು ಹುಡುಕಲು ನಕ್ಷೆ ಬೇಕು. ಸರ್ವೆ ಆಫೀಸಿನ ಸೂರು ಬಿದ್ದು ನಕ್ಷೆಗಳನ್ನು ಗೆದ್ದಲು ತಿಂದು ಎಷ್ಟೋ ಕಾಲವಾಗಿತ್ತು. ಆಗ ಸ್ಟ್ಯಾನ್ಲಿ ಸಾರ್ ಮಗಳು ಒಂದು ಟ್ರಂಕು ಕಳಿಸಿದಳು. ಅದರೊಳಗೆ ಆ ಕ್ಯಾಸೆಟ್ ಇತ್ತು.

ಭಂಡಾರದ ಇಂಜಿನಿಯರು ಚಿಂತಾಮಣಿ ಕಡೆಯ ಹೆಣ್ಣುಮಗಳು, ಶಾಹೀನ್. ಜೀರುಂಡೆ ಸದ್ದನ್ನು ಹೊಸ ಕಂಪ್ಯೂಟರಿಗೆ ಕೇಳಿಸಿ, ಆಟವನ್ನು ಎಬ್ಬಿಸಿ, ಅದರ ಇನ್ನೂರ ಎಂಟು ಜಾಗಗಳನ್ನು ಗೋಡೆಯಗಲದ ಪರದೆಯ ಮೇಲೆ ಗಣಿಯಾಗಿ ನಿಲ್ಲಿಸಿದಳು. ಆಟದ ಮಾತನ್ನೇ ಅಪ್ಪಣೆಯಾಗಿ ತೆಗೆದುಕೊಂಡು ಹೋಗುವ ಒಂದು ಯಂತ್ರ ಮಾಡಿಸಿದ್ದರು. ಗೋಡೆ ಹಿಡಿದು ಹರಿದಾಡುತ್ತಿತ್ತು, ಮೂತಿಯಲ್ಲಿ ಕ್ಯಾಮೆರಾ. ಅದನ್ನು ಹಲ್ಲಿ ಎನ್ನುತ್ತಿದ್ದರು. ಉತ್ತರ ಎಂದು ಹೊಡೆದರೆ ಆಟದಲ್ಲಿ ನಾವು ಹೋಗುತ್ತಿದ್ದೆವು, ನೆಲದ ಕೆಳಗೆ ಹಲ್ಲಿ ಹೋಗುತ್ತಿತ್ತು. ನಾನು ಹೇಳಿದ ಜಾಗದಲ್ಲೇ ನೀರು ತೊಟ್ಟಿಕ್ಕುತ್ತಿತ್ತು.

ಆ ಕಂಟ್ರೋಲ್ ರೂಮಿಗೆ ನನ್ನನ್ನು ಕರೆಸಿದರು. ಬದುಕಿದ್ದ ಮರದ ಕೆಲಸದವನು ನಾನೊಬ್ಬನೇ. ಒಂದೊಂದು ಜಾಗವನ್ನೂ ಓದುವುದು, ನಾನು ಸರಿ ಎನ್ನುವುದು. ಅಲುಮೇಲಮ್ಮನೂ ದಿನಾ ಜೊತೆಗೆ ಬಂದಳು. ಅಲ್ಲಿನ ತಣ್ಣನೆ ಗಾಳಿ ಅವಳ ಮಂಡಿಗೆ ಆಗುತ್ತಿರಲಿಲ್ಲ, ಕಾಫಿ ಆಗುತ್ತಿತ್ತು.

"ಅಜ್ಜಿ, ನೋಡಿ, ತಾತ ಹೇಳಿದ್ದು ಒಂದು ಅಡಿ ತಪ್ಪಿಲ್ಲ" ಎಂದಳು ಶಾಹೀನ್.

"ಮೇಲ್ಗಡೆ ದಾರಿ ಕೇಳು ತಾಯಿ, ಗೊತ್ತಾಯ್ತದೆ" ಎಂದಳು ಇವಳು. "ಮೊನ್ನೆ ಪೆನ್ಶನ್ನಿಗೆ ಹೋದೋನು ಬೇರೆ ಬ್ಯಾಂಕಲ್ಲಿ ಕೂತಿದ್ದ."

ಎಲ್ಲರೂ ನಕ್ಕರು, ನಾನೂ ನಕ್ಕೆ. ಆ ನಗು ಮುಗಿಯುವ ಮೊದಲೇ ಶಾಹೀನ್ ಮುಂದಿನದನ್ನು ಓದಿದಳು.

"ನೀನು ನೀರಿನ ಕೋಣೆಯಲ್ಲಿದ್ದೀಯ. ಉತ್ತರಕ್ಕೆ ಏಣಿ ಇದೆ. ಪೂರ್ವಕ್ಕೆ ಗೋಡೆ ಇದೆ." ನನ್ನ ಕಡೆ ತಿರುಗಿ, "ಸರೀನಾ ತಾತ?" ಎಂದಳು.

ಪರದೆಯಲ್ಲಿ ನಾನು ಮೆತ್ತಿದ ಮಣ್ಣು ಕಂಡಿತು. ಬಂಡೆಯ ಹಾಗೇ ಇತ್ತು. ನನ್ನ ಪಕ್ಕದಲ್ಲಿ ಅಲುಮೇಲಮ್ಮ ಕಾಫಿ ಆರಿಸುತ್ತಿದ್ದಳು.

"ಸರಿ" ಎಂದೆ.

ಮೊದಲ ಸಲ ಗಾಳಿ ಒತ್ತಿ ನೋಡಿದ್ದು ಒಂದು ಬುಧವಾರ, ಸ್ವಲ್ಪವೇ. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಾನು ಮನೆಯ ಹಿಂದೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದೆ. ಅಲುಮೇಲಮ್ಮ ಬಚ್ಚಲ ಪಕ್ಕದ ತಗ್ಗಿನಲ್ಲಿ ಮಂಕರಿ ಮುಚ್ಚಿ ಇಟ್ಟಿದ್ದ ಕೋಳಿಮರಿಗಳಿಗೆ ನುಚ್ಚು ಹಾಕಲು ಹೋದಳು.

"ಇಲ್ಲಿ ಬಾರಯ್ಯ" ಎಂದು ಕರೆದಳು. "ಬೆಕ್ಕು ಮುಟ್ಟಿಲ್ಲ, ಗಾಯ ಇಲ್ಲ. ಒಂಬತ್ತೂ ಹಂಗೇ ಮಲಗವೆ."

ನಾನು ಒಂದು ಬೆಂಕಿಕಡ್ಡಿ ಗೀರಿ ತಗ್ಗಿಗೆ ಇಳಿಸಿದೆ. ಮೊಣಕಾಲ ಮಟ್ಟದಲ್ಲಿ ಕಡ್ಡಿ ನಂದಿತು. ಇನ್ನೊಂದು ಗೀರಿದೆ. ಅದೂ ನಂದಿತು. ಗಾಳಿ ಬೀಸುತ್ತಿರಲಿಲ್ಲ.

ದೀಪ ನಂದಿಸುವ ಗಾಳಿಯನ್ನು ಗಣಿಯವನಿಗೆ ಯಾರೂ ಹೇಳಿಕೊಡಬೇಕಿಲ್ಲ. ವರ್ಷಗಟ್ಟಲೆ ಕೊಳೆತ ಮರದ ಜೊತೆ ಮುಚ್ಚಿಟ್ಟ ಗಾಳಿಯಲ್ಲಿ ಉಸಿರಿರುವುದಿಲ್ಲ. ಅದು ಭಾರ. ನೀರಿನ ಹಾಗೆ ತಗ್ಗು ಹುಡುಕಿ ನಿಲ್ಲುತ್ತದೆ. ವಾಸನೆಯಿಲ್ಲ, ಬಣ್ಣವಿಲ್ಲ. ಅದರೊಳಗೆ ಕೂತವನಿಗೆ ನಿದ್ದೆ ಬಂದ ಹಾಗಾಗುತ್ತದೆ, ಅಷ್ಟೇ.

ನನ್ನ ಗೋಡೆಯ ಹಿಂದಿನ ದಾರಿ ಪೂರ್ವಕ್ಕೆ ಇನ್ನೂರು ಅಡಿ ಹೋಗಿ, ಗಾಳಿಗೆಂದು ಹಿಂದಿನವರು ಕೊರೆದ ಬಾವಿಯಂಥ ತೂತಿಗೆ ಸೇರುತ್ತದೆ. ತೂತು ಮೇಲಕ್ಕೆ ಬಂದು ಮುಗಿಯುವುದು ನಮ್ಮ ಲೈನಿನ ಕೊನೆಯಲ್ಲಿ, ನಮ್ಮ ಮನೆಗೆ ಹತ್ತಿರ. ಒತ್ತಿದ ಗಾಳಿ ನನ್ನ ಗೋಡೆಯ ಸಂದಿಯಲ್ಲಿ ನುಗ್ಗಿ, ಹಿಂದಿದ್ದ ಹಳೆಯ ಗಾಳಿಯನ್ನು ಆ ತೂತಿನಿಂದ ಮೇಲಕ್ಕೆ ತಳ್ಳಿತ್ತು. ನಾನು ಕೆಲಸಕ್ಕೆ ಸೇರುವ ಮೊದಲೇ ಅದರ ಬಾಯಿಗೆ ಚಪ್ಪಡಿ ಎಳೆದು ಮಣ್ಣು ಹಾಕಿದ್ದರು. ಆ ಮಣ್ಣಿನ ಮೇಲೆ ಈಗ ಅಂಗನವಾಡಿ ಇದೆ. ಹದಿನೇಳು ಮಕ್ಕಳು ನೆಲದ ಮೇಲೆ ಚಾಪೆ ಹಾಕಿಕೊಂಡು ಮಧ್ಯಾಹ್ನ ಮಲಗುತ್ತಾರೆ. ಬುಧವಾರ ಸಂತೆಯ ರಜೆ, ಯಾರೂ ಇರಲಿಲ್ಲ. ಎರಡನೆಯ ಸಲ, ಪೂರ್ತಿ ಒತ್ತಡದಲ್ಲಿ, ಒತ್ತುವುದು ಗುರುವಾರ ಹತ್ತು ಗಂಟೆಗೆ ಎಂದು ಶಾಹೀನ್ ಹೇಳಿದ್ದಳು.

ಅಲುಮೇಲಮ್ಮ ಮರಿಗಳನ್ನು ಹೂತು ಬಂದು, ಕೈ ತೊಳೆದು, "ನಿಂಗೆ ಗೊತ್ತಿರೋದೇನೋ ಐತೆ" ಎಂದಳು. ನಾನು ಇಲ್ಲವೆಂದೆ. ಇವಳಿಗೆ ನಾನು ಹೇಳಿದ್ದು ಇಷ್ಟೇ ಇತ್ತು: ಬಂಡೆ ಸಿಡಿಯಿತು, ಚಲಪತಿ ಅದರ ಕೆಳಗೆ ಹೋದ, ಅವನಿಗೆ ಏನೂ ತಿಳಿಯಲಿಲ್ಲ. ಐವತ್ತು ವರ್ಷದ ಮೇಲೆ ಇವಳು ಆ ಕೊನೆಯ ಮಾತನ್ನು ಹಿಡಿದುಕೊಂಡು ಬದುಕಿದ್ದಳು. ಪ್ರತಿ ವರ್ಷ ಎಡೆ ಇಡುವಾಗ, "ಅವನ್ಗೆ ಏನೂ ತಿಳೀಲಿಲ್ಲ, ಅದೊಂದು ಪುಣ್ಯ" ಎನ್ನುತ್ತಿದ್ದಳು. ನಾನು ಎಲೆಯ ಮುಂದೆ ಕೂತು ಹೂಂ ಎನ್ನುತ್ತಿದ್ದೆ.

ಗುರುವಾರ ಎಂಟೂವರೆಗೆ ಕಂಟ್ರೋಲ್ ರೂಮಿಗೆ ಹೊರಟೆ. ಇವಳು ಹಿಂದೆಯೇ ಬಂದಳು. ಬೇಡವೆಂದೆ. "ಕಾಫಿ ನಿನ್ನಪ್ಪಂದಾ?" ಎಂದಳು.

ಶಾಹೀನ್ ಜೊತೆ ಅವತ್ತು ದೊಡ್ಡ ಸಾಹೇಬರು ಪದ್ಮರಾಜ್ ಇದ್ದರು. ನಾನು, ಇವತ್ತು ಗಾಳಿ ಒತ್ತಬೇಡಿ, ನೀರಿನ ಕೋಣೆಯ ಪೂರ್ವಕ್ಕೆ ದಾರಿ ಇದೆ, ಅಂಗನವಾಡಿ ಕೆಳಗೆ ಹೋಗುತ್ತದೆ ಎಂದೆ.

ಸಾಹೇಬರು ಪರದೆ ನೋಡಿದರು. "ಆಟದಲ್ಲಿ ಗೋಡೆ ಅಂತಿದೆಯಲ್ಲ ಯಜಮಾನ್ರೆ. ಹಲ್ಲಿ ತಟ್ಟಿ ನೋಡಿದಾಗಲೂ ಕಲ್ಲಿನ ಸದ್ದೇ ಬಂದಿದೆ. ನೀವೇ ಸರಿ ಅಂದಿದೀರಿ, ರೆಕಾರ್ಡ್ ಇದೆ."

"ಕಲ್ಲೇ ಸಾರ್. ನಾನೇ ಜೋಡಿಸಿದ್ದು. ಹಿಂದ್ಗಡೆ ಹಲಗೆ ಐತೆ."

"ಇನ್ನೂರ ಎಂಟರಲ್ಲಿ ಒಂದೂ ತಪ್ಪು ಹೇಳದವರು ಇದೊಂದು ಯಾಕೆ ತಪ್ಪು ಹೇಳ್ತೀರಿ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ವಯಸ್ಸಾದವನು, ಮರೆವು, ಎಂದುಕೊಂಡಿದ್ದು ಮುಖದಲ್ಲಿ ಕಂಡಿತು. "ಊರೆಲ್ಲ ಇವತ್ತಿಗೆ ಕಾಯ್ತಿದೆ. ನಾಳೆ ಕೂತು ನೋಡೋಣ."

ಗೋಡೆಯ ಗಡಿಯಾರದಲ್ಲಿ ಒಂಬತ್ತೂ ಇಪ್ಪತ್ತು. ಮಕ್ಕಳು ಬಂದು ಕೂತಿರುತ್ತಾರೆ. ನಾನು ಅಲುಮೇಲಮ್ಮನ ಕಡೆ ತಿರುಗಲಿಲ್ಲ. ತಿರುಗಿದ್ದರೆ ಹೇಳುತ್ತಿರಲಿಲ್ಲ.

"ಮರೆತು ಹೇಳಿದ್ದಲ್ಲ ಸಾರ್" ಎಂದೆ. "ಅಲ್ಲಿ ನಮ್ಮ ಚಲಪತಿ ಅವ್ನೆ."

ಆ ಹೆಸರನ್ನು ನಾನು ಬಾಯಿಂದ ಹೇಳಿ ಎಷ್ಟು ಕಾಲವಾಗಿತ್ತೆಂದರೆ ನನ್ನ ದನಿ ನನಗೇ ಬೇರೆಯವರದಾಗಿ ಕೇಳಿತು. ಉಳಿದದ್ದನ್ನೂ ಹೇಳಿದೆ. ಬಂಡೆ ಸಿಡಿದ ಮೇಲೆ ಆ ದಾರಿಯ ಮರಕ್ಕೆ ಬೆಂಕಿ ಬಿತ್ತು. ಹೊಗೆ ನೀರಿನ ಕೋಣೆಯ ಕಡೆ ಬರುತ್ತಿತ್ತು. ಅಲ್ಲಿ ಏಣಿ ಹತ್ತಲು ನಲವತ್ತು ಜನ ಕಾಯುತ್ತಿದ್ದರು. ಮುಚ್ಚು ಎಂದರು ಮೇಸ್ತ್ರಿ. ಒಳಗೆ ಒಬ್ಬನಿದ್ದಾನೆ ಎಂದೆ. ಮುಚ್ಚು ಎಂದರು. ಹಲಗೆ ಹೊಡೆದೆ, ಕಲ್ಲು ಕೊಟ್ಟೆ, ಮಣ್ಣು ಮೆತ್ತಿದೆ. ಕೊನೆಯ ಹಿಡಿ ಮಣ್ಣು ಹಾಕುವಾಗ ಒಳಗಿಂದ ಬಡಿದ ಸದ್ದು ಬಂತು. ಮೂರು. ನಮ್ಮ ಗಣಿಯಲ್ಲಿ ಮೂರು ಬಡಿತವೆಂದರೆ ಮನುಷ್ಯನಿದ್ದಾನೆ, ಮೇಲಕ್ಕೆತ್ತು ಎಂದು. ಮೇಸ್ತ್ರಿಗೆ ಕೇಳಿಸಿರಲಿಲ್ಲ. ನನಗೆ ಕೇಳಿಸಿತ್ತು.

ಶಾಹೀನ್ ಸಾಹೇಬರನ್ನು ಕೇಳಲಿಲ್ಲ. ಕೆಂಪು ಗುಂಡಿಯ ಮೇಲಿನ ಗಾಜಿನ ಮುಚ್ಚಳ ಎತ್ತಿ ಒತ್ತಿದಳು. ದೂರದಲ್ಲಿ ಬಿಸಿಯಾಗುತ್ತಿದ್ದ ಪಂಪಿನ ಗುಂಯ್ ನಿಂತಿತು. ಆಮೇಲೆ ಫೋನು ತೆಗೆದು ಅಂಗನವಾಡಿಯ ಮಕ್ಕಳನ್ನು ಈಗಿಂದೀಗ ಹೊರಗೆ ಕಳಿಸಿ ಎಂದಳು. ಆ ಮಧ್ಯಾಹ್ನ ಅಲ್ಲಿಗೆ ಹೋದವರು ಮೂಲೆಯ ನೆಲದಲ್ಲಿ ಮೀಟರ್ ಇಟ್ಟು ನೋಡಿದರು. ಬುಧವಾರದ ಗಾಳಿ ಇನ್ನೂ ಗೇಣೆತ್ತರ ನಿಂತಿತ್ತಂತೆ. ಚಾಪೆ ಹಾಸುವುದು ಆ ಮೂಲೆಯಲ್ಲೇ.

ಅಲುಮೇಲಮ್ಮ ಮನೆಗೆ ನನ್ನ ಜೊತೆ ನಡೆದು ಬಂದಳು. ಒಲೆ ಹಚ್ಚಿದಳು. ತಟ್ಟೆಗೆ ಮುದ್ದೆ ಹಾಕಿದಳು, ಸಾರು ಬಿಟ್ಟಳು. ಮಾತಿಲ್ಲ. ಮೂರು ದಿನ ಹೀಗೇ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಐವತ್ತು ವರ್ಷ ನನ್ನನ್ನು ಚುಚ್ಚದೆ ಒಂದು ಹೊತ್ತು ಊಟ ಬಡಿಸಿದವಳಲ್ಲ. ಆ ಮೂರು ದಿನ ಮನೆಯಲ್ಲಿ ಪಾತ್ರೆಯ ಸದ್ದು ಮಾತ್ರ ಇತ್ತು.

ನಾಲ್ಕನೆಯ ದಿನ ಶಾಹೀನ್ ಬಂದಳು. ಸಿಮೆಂಟು ತುಂಬುವ ಮೊದಲು ಗೋಡೆಯಲ್ಲಿ ಒಂದು ಸಣ್ಣ ತೂತು ಕೊರೆದು ಹಲ್ಲಿಯನ್ನು ಒಳಗೆ ಬಿಡುತ್ತೇವೆ, ನೀವು ಇಬ್ಬರೂ ಬರುವುದಾದರೆ ಬನ್ನಿ, ಬೇಡವೆಂದರೆ ಬೇಡ, ಎಂದಳು. ಅಲುಮೇಲಮ್ಮ ಸೆರಗು ಹೊದ್ದು ಎದ್ದಳು.

ಪರದೆಯಲ್ಲಿ ಮೊದಲು ಕಪ್ಪು. ಆಮೇಲೆ ಹಲ್ಲಿಯ ದೀಪದ ಬೆಳಕು. ಹಲಗೆಗಳ ಒಳಮೈ ಕಂಡಿತು. ಮನುಷ್ಯ ಎನ್ನಬಹುದಾದದ್ದು ಕೆಳಗೆ ಒಂದು ಮೂಲೆಯಲ್ಲಿತ್ತು, ಶಾಹೀನ್ ಅಲ್ಲಿ ಬೆಳಕು ನಿಲ್ಲಿಸಲಿಲ್ಲ. ಮೇಲಕ್ಕೆ ತಿರುಗಿಸಿದಳು. ಎರಡು ಹಲಗೆಗಳ ನಡುವೆ ಒಂದು ಹಾರೆ ಸಿಕ್ಕಿಕೊಂಡಿತ್ತು. ತುಕ್ಕು ಹಿಡಿದು ಹಲಗೆಯ ಬಣ್ಣಕ್ಕೇ ಬಂದಿತ್ತು.

"ಅದ್ಯಾಕೆ ಅಲ್ಲಿದೆ ತಾತ?" ಎಂದಳು ಶಾಹೀನ್. "ಹಲಗೆಗೆ ಆಸರೆಗೆ ಕೊಟ್ಟಿದ್ದಾ?"

ನಾನು ನೋಡಿದೆ. ಹಾರೆಯ ಚಪ್ಪಟೆ ಬಾಯಿ ಸಂದಿನೊಳಗಿತ್ತು, ಹಿಡಿ ಒಳಗಡೆಗೆ ಬಗ್ಗಿತ್ತು. ಹಲಗೆಯ ಅಂಚು ಮೂರು ಕಡೆ ಸಿಗಿದಿತ್ತು. ಮರದ ಕೆಲಸದವನು ಒಂದು ನೋಟಕ್ಕೆ ಹೇಳುತ್ತಾನೆ. ಆಸರೆಗೆ ಎಂದು ಹೇಳಿಬಿಡಬಹುದಿತ್ತು. ಹೊಗೆ ಆಚೆ ಹೋಗದ ಹಾಗೆ ಒಳಗಿಂದ ತಾನೇ ಭದ್ರ ಮಾಡಿಕೊಂಡು ಸತ್ತ ಎಂದರೆ ಇಲ್ಲವೆನ್ನುವವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅಲುಮೇಲಮ್ಮ ನಾಲ್ಕು ದಿನದಲ್ಲಿ ಮೊದಲ ಸಲ ನನ್ನ ಮುಖ ನೋಡುತ್ತಿದ್ದಳು.

"ಮೀಟಿದ್ದಾನೆ" ಎಂದೆ. "ಈಚೆಗೆ ಬರಕ್ಕೆ."

ಅವಳು ತಲೆ ಆಡಿಸಿದಳು. "ಬಡಿಯೋದು ನಿಂತ ಮೇಲೆ ಎಷ್ಟೊತ್ತು ಇದ್ದೆ ಅಲ್ಲಿ?" ಎಂದಳು.

"ಇರ್ಲಿಲ್ಲ. ನಿಲ್ಲೋಕೆ ಮುಂಚೆ ಏಣಿ ಹತ್ತಿದೆ."

ಶಾಹೀನ್‌ ಆಟದ ಪರದೆಗೆ ಹೋಗಿ, ಆ ಜಾಗವನ್ನು ತಿದ್ದಿದ್ದೇವೆ, ಇನ್ನು ಯಾರೂ ತಪ್ಪು ತಿಳಿಯುವುದಿಲ್ಲ ಎಂದಳು. ಓದು ಎಂದಳು ಅಲುಮೇಲಮ್ಮ.

"ನೀನು ನೀರಿನ ಕೋಣೆಯಲ್ಲಿದ್ದೀಯ. ಉತ್ತರಕ್ಕೆ ಏಣಿ ಇದೆ. ಪೂರ್ವಕ್ಕೆ ಮುಚ್ಚಿದ ದಾರಿ ಇದೆ. ಅದರ ಹಿಂದೆ ಚಲಪತಿ ಇದ್ದಾನೆ. ಏನು ಮಾಡುತ್ತೀಯ?"

ಅಲುಮೇಲಮ್ಮ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು ಕೂತಳು. ಓದಲು ಬಾರದ ಆ ಅಕ್ಷರಗಳನ್ನೇ ನೋಡಿದಳು.

"ತೆಗಿ ಅಂತ ಹೊಡಿ ತಾಯಿ."

ಶಾಹೀನ್ ನನ್ನ ಕಡೆ ನೋಡಿದಳು. ಆಮೇಲೆ ಹೊಡೆದಳು. ಉತ್ತರ ಬಂತು. ಅವಳು ಓದಲಿಲ್ಲ.

"ಏನಂತೆ?"

"ಆ ಮಾತು ನನಗೆ ಗೊತ್ತಿಲ್ಲ ಅಂತಿದೆ ಅಜ್ಜಿ. ಇದು ಹಳೇ ಆಟ. ಇದಕ್ಕೆ ಇಪ್ಪತ್ತೆರಡೇ ಮಾತು ಬರೋದು."

"ಇನ್ನೊಂದು ಸರ್ತಿ ಹೊಡಿ."

ಹೊಡೆದಳು. ಅದೇ ಬಂತು. ಇವಳು ಮತ್ತೆ ಕೇಳಿದಳು, ಅವಳು ಮತ್ತೆ ಹೊಡೆದಳು. ನಾನು ಹಿಂದೆ ನಿಂತಿದ್ದೆ. ಹತ್ತು, ಇಳಿ, ನೋಡು, ತಗೋ, ಬಡಿ, ಮುಚ್ಚು. ಏಳು ತಿಂಗಳು ಭಾನುವಾರ ಭಾನುವಾರ ಕೂತು ಒಂದೊಂದಾಗಿ ಹೇಳಿದ್ದೆ. ಆ ಒಂದು ಮಾತನ್ನು ನಾನು ಸ್ಟ್ಯಾನ್ಲಿ ಸಾರ್‌ಗೆ ಹೇಳಿಯೇ ಇರಲಿಲ್ಲ.